ಓವನ್ನಿಗೆ ಹೋಗಲಿ ಹುರಿಗಡಲೆ

ಅಂಗಡಿಯ ಕಪಾಟಿನಲ್ಲಿ ಈಗ ಬಿಸ್ಕತ್ತಿಗೂ ಪ್ರೋಟೀನು, ಕೇಕಿಗೂ ಪ್ರೋಟೀನು, ಚಾಕೊಲೇಟ್ ಪಟ್ಟಿಗೂ ಪ್ರೋಟೀನು. ಪೊಟ್ಟಣದ ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿರುವ ಈ ಮಾತನ್ನು ನಂಬುವ ಮೊದಲು ಒಂದು ಲೆಕ್ಕ ತಿಳಿದಿರಬೇಕು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ, ಘನ ಆಹಾರದ 100 ಗ್ರಾಮಿನಲ್ಲಿ ದಿನದ ಅಗತ್ಯದ ಶೇ. 20ರಷ್ಟು, ಅಂದರೆ ಹೆಚ್ಚುಕಡಿಮೆ 11 ಗ್ರಾಂ ಪ್ರೋಟೀನ್ ಇದ್ದರೆ ಅದನ್ನು ಪ್ರೋಟೀನ್ ಸಮೃದ್ಧ ಎಂದು ಕರೆದುಕೊಳ್ಳಬಹುದು. ಬರೀ ಮೈದಾಹಿಟ್ಟಿನಲ್ಲೇ 100 ಗ್ರಾಮಿಗೆ ಸುಮಾರು 10 ಗ್ರಾಂ ಇರುತ್ತದೆ. ಹಾಗಾಗಿ ಈ ಗೆರೆ ದಾಟುವುದು ಕಾರ್ಖಾನೆಗೆ ಕಷ್ಟದ ಕೆಲಸವೇನಲ್ಲ. ಅದರ ಜೊತೆಗೆ ಎಷ್ಟು ಸಕ್ಕರೆ, ಯಾವ ಕೊಬ್ಬು ಬಂತು ಎನ್ನುವುದನ್ನು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕು. ಮನೆಯಲ್ಲೇ ಬೇಯಿಸಿಕೊಂಡರೆ ಆ ಹುಡುಕಾಟವಿಲ್ಲ. ಹಾಕಿದ ಪ್ರತಿ ಚಮಚವೂ ನಮ್ಮ ಕಣ್ಣೆದುರಿಗೇ ಇರುತ್ತದೆ.

ಆದರೆ ಮನೆಯಲ್ಲಿ ಮಾಡಿದ್ದೆಲ್ಲ ತಾನಾಗಿಯೇ ಆರೋಗ್ಯಕರವಾಗಿಬಿಡುವುದಿಲ್ಲ. ಮೈದಾ, ಬೆಣ್ಣೆ, ಸಕ್ಕರೆಯ ಹಳೆಯ ಪ್ರಮಾಣವನ್ನೇ ಇಟ್ಟುಕೊಂಡು ಮೇಲೆ ಒಂದು ಚಮಚ ಪ್ರೋಟೀನ್ ಪುಡಿ ಉದುರಿಸಿದರೆ ಸಿಗುವುದು ಮೊದಲಿನದೇ ಬಿಸ್ಕತ್ತು, ಬೆಲೆ ಮಾತ್ರ ಹೆಚ್ಚು. ಸಿಹಿತಿಂಡಿ ನಿಜಕ್ಕೂ ಸುಧಾರಿಸಬೇಕಾದರೆ ಅದರ ಅಡಿಪಾಯವಾದ ಹಿಟ್ಟು ಮತ್ತು ಕೊಬ್ಬುಗಳನ್ನೇ ಬದಲಿಸಬೇಕು. ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ ಇದೆ: ಹುರಿಗಡಲೆ, ಶೇಂಗಾ, ಮೊಟ್ಟೆ, ಗಟ್ಟಿ ಮೊಸರು.

ಒಂದು ಲೆಕ್ಕವನ್ನೇ ನೋಡೋಣ. ಸಾಮಾನ್ಯ ಬೆಣ್ಣೆ ಬಿಸ್ಕತ್ತಿಗೆ 100 ಗ್ರಾಂ ಮೈದಾ, 60 ಗ್ರಾಂ ಬೆಣ್ಣೆ, 50 ಗ್ರಾಂ ಸಕ್ಕರೆ ಹಾಕಿ 12 ಬಿಸ್ಕತ್ತು ಮಾಡಿದೆವು ಎನ್ನಿ. ಇಡೀ ತಟ್ಟೆಯಲ್ಲಿ ಇರುವ ಪ್ರೋಟೀನ್ 10 ಗ್ರಾಂ ಚಿಲ್ಲರೆ, ಅಂದರೆ ಬಿಸ್ಕತ್ತೊಂದಕ್ಕೆ ಒಂದು ಗ್ರಾಂ ಕೂಡ ಇಲ್ಲ. ಈಗ ಮೈದಾದ ಜಾಗಕ್ಕೆ 70 ಗ್ರಾಂ ಹುರಿಗಡಲೆ ಹಿಟ್ಟು ಮತ್ತು 30 ಗ್ರಾಂ ಗೋಧಿಹಿಟ್ಟು, ಬೆಣ್ಣೆಯ ಜಾಗಕ್ಕೆ 60 ಗ್ರಾಂ ಹುರಿದ ಶೇಂಗಾದ ಪೇಸ್ಟ್, ಒಂದು ಮೊಟ್ಟೆ, 40 ಗ್ರಾಂ ಬೆಲ್ಲ ಹಾಕಿ. ಹುರಿಗಡಲೆಯಿಂದ ಸುಮಾರು 15 ಗ್ರಾಂ, ಶೇಂಗಾದಿಂದ ಹತ್ತಿರಹತ್ತಿರ ಇನ್ನೊಂದು 15, ಮೊಟ್ಟೆಯಿಂದ 6, ಗೋಧಿಯಿಂದ 3. ಒಟ್ಟು 39 ಗ್ರಾಂ. ಒಂದು ಬಿಸ್ಕತ್ತಿಗೆ ಮೂರು ಗ್ರಾಮಿಗಿಂತ ತುಸು ಹೆಚ್ಚು. ಎರಡು ತಿಂದರೆ ಒಂದು ಲೋಟ ಹಾಲಿನಷ್ಟು ಪ್ರೋಟೀನ್ ಒಳಗೆ ಹೋದಂತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 55 ಕಿಲೋ ತೂಗುವ ಮಹಿಳೆಗೆ ಅದು 46 ಗ್ರಾಂ ಆಗುತ್ತದೆ. ಆ ಎರಡು ಬಿಸ್ಕತ್ತು ಅದರ ಏಳನೇ ಒಂದು ಭಾಗ. ಅನ್ನ, ಮುದ್ದೆ, ತಿಳಿಸಾರಿನಲ್ಲೇ ದಿನ ಕಳೆಯುವ ಮನೆಗಳಲ್ಲಿ ಸಂಜೆಯ ಕಾಫಿ ಹೊತ್ತಿನಲ್ಲಿ ಸಿಗುವ ಇಷ್ಟು ಪ್ರೋಟೀನ್ ಕಡೆಗಣಿಸುವಂಥದ್ದಲ್ಲ.

ಬೇಳೆ ಮತ್ತು ಗೋಧಿಯನ್ನು ಒಟ್ಟಿಗೆ ಸೇರಿಸುವುದಕ್ಕೂ ಕಾರಣವಿದೆ. ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಡಲೆಯಲ್ಲಿ ಅದು ಧಾರಾಳ. ಕಡಲೆಯಲ್ಲಿ ಕೊರತೆಯಾಗುವ ಮೆಥಿಯೋನಿನ್ ಗೋಧಿಯಲ್ಲಿ ಉತ್ತಮವಾಗಿದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ದಶಕಗಳ ಹಿಂದೆಯೇ ಕೊಬ್ಬು ತೆಗೆದ ಶೇಂಗಾ ಹಿಟ್ಟಿನ ಮೂರು ಪಾಲಿಗೆ ಕಡಲೆಹಿಟ್ಟಿನ ಒಂದು ಪಾಲು ಬೆರೆಸಿ, ಜೀವಸತ್ವ ಸೇರಿಸಿ, ಅಪೌಷ್ಟಿಕತೆ ನೀಗಿಸಲೆಂದು ‘ಬಹೂಪಯೋಗಿ ಆಹಾರ’ವನ್ನು ತಯಾರಿಸಿದ್ದರು. ಶೇಂಗಾ, ಕಡಲೆಗಳ ಜೋಡಿಗೆ ಪ್ರಯೋಗಾಲಯದ ಬೆಂಬಲ ಅಂದಿನಿಂದಲೇ ಇದೆ.

ಇಲ್ಲಿ ಒಂದು ಆಕ್ಷೇಪ ಬರಬೇಕಾದದ್ದೇ. ಶೇಂಗಾ ಉಂಡೆ, ತಂಬಿಟ್ಟು, ಎಳ್ಳುಂಡೆ, ಪಂಚಮಿಯ ಬಗೆಬಗೆಯ ಉಂಡೆಗಳು ಇರುವ ನಾಡಿಗೆ ಓವನ್ನಿನ ಹಂಗೇಕೆ? ಪ್ರೋಟೀನಿನ ಮಟ್ಟಿಗೆ ಈ ಪ್ರಶ್ನೆ ನ್ಯಾಯವಾದದ್ದು. ನಮ್ಮ ಉಂಡೆಗಳು ಯಾವ ಪ್ರೋಟೀನ್ ಪಟ್ಟಿಗೂ ಕಡಿಮೆಯವಲ್ಲ. ತೊಡಕಿರುವುದು ಬೆಲ್ಲದಲ್ಲಿ. ಉಂಡೆಯಲ್ಲಿ, ಚಿಕ್ಕಿಯಲ್ಲಿ ಬೆಲ್ಲಕ್ಕೆ ಎರಡು ಕೆಲಸ: ಸಿಹಿ ಕೊಡುವುದು ಮತ್ತು ಕಾಳನ್ನು ಹಿಡಿದಿಡುವುದು. ಪಾಕ ಕಡಿಮೆಯಾದರೆ ಉಂಡೆ ಕಟ್ಟಲು ಬರುವುದಿಲ್ಲ, ಕೈಯಲ್ಲೇ ಉದುರುತ್ತದೆ. ಆದ್ದರಿಂದ ಶೇಂಗಾದ ತೂಕದ ಮುಕ್ಕಾಲು ಪಾಲೋ ಸಮಸಮವೋ ಬೆಲ್ಲ ಬೀಳುತ್ತದೆ, ನಾಲಿಗೆಗೆ ಅಷ್ಟು ಸಿಹಿ ಬೇಕಿರಲಿ ಬೇಡದಿರಲಿ. ಓವನ್ನಿನಲ್ಲಿ ಹಿಡಿದಿಡುವ ಕೆಲಸವನ್ನು ಮೊಟ್ಟೆಯ ಪ್ರೋಟೀನ್ ಮತ್ತು ಹಿಟ್ಟಿನ ಪಿಷ್ಟ ವಹಿಸಿಕೊಳ್ಳುತ್ತವೆ. ಕಾವಿಗೆ ಎರಡೂ ಗಟ್ಟಿಯಾಗುತ್ತವೆ. ಬೆಲ್ಲಕ್ಕೆ ಉಳಿಯುವುದು ಮುಖ್ಯವಾಗಿ ಸಿಹಿಯ ಕೆಲಸ. ಹಾಗಾಗಿ ಅದನ್ನು ನಮಗೆ ಬೇಕಾದಷ್ಟಕ್ಕೆ ಇಳಿಸಬಹುದು. ಮನೆ ಬೇಕಿಂಗಿನ ನಿಜವಾದ ಲಾಭ ಇದೇ ಎಂದು ನನಗನ್ನಿಸುತ್ತದೆ. ಹಬ್ಬಕ್ಕೆ ಉಂಡೆ ಇರಲಿ. ದಿನನಿತ್ಯ ಬಾಯಾಡಿಸುವುದಕ್ಕೆ ಬೇಯಿಸಿದ ಬಿಸ್ಕತ್ತೇ ವಾಸಿ.

ಸಿಹಿ ಇಳಿಸುವುದಕ್ಕೂ ಮಿತಿಯಿದೆ. ಸಕ್ಕರೆ ನೀರನ್ನು ಹಿಡಿದಿಟ್ಟು ಕೇಕನ್ನು ಮೆತ್ತಗಿಡುತ್ತದೆ, ಕಂದುಬಣ್ಣ ಬರಲು ನೆರವಾಗುತ್ತದೆ. ಕೇಕಿನ ಪ್ರಮಾಣದಲ್ಲಿ ಮೂರನೇ ಒಂದು ಭಾಗ ತೆಗೆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅರ್ಧಕ್ಕಿಂತ ಕೆಳಗಿಳಿದರೆ ತುಂಡು ಒಣಗಿ ರೊಟ್ಟಿಯಂತಾಗುತ್ತದೆ. ಆಗ ಕಿವುಚಿದ ಬಾಳೆಹಣ್ಣೋ ನೆನೆಸಿ ರುಬ್ಬಿದ ಖರ್ಜೂರವೋ ತೇವವನ್ನೂ ನಾರನ್ನೂ ತುಂಬಿಕೊಡುತ್ತದೆ. ಇನ್ನು ಬೆಲ್ಲ ಹಾಕಿದರೆ ಸಕ್ಕರೆಯೇ ಇಲ್ಲ ಎನ್ನುವ ನಂಬಿಕೆಯನ್ನು ಬಿಡಲೇಬೇಕು. ಬೆಲ್ಲದ ಬಹುಪಾಲು ಸುಕ್ರೋಸೇ. ಅದರಲ್ಲಿರುವ ಖನಿಜಾಂಶ ನಾವು ಹಾಕುವ ಪ್ರಮಾಣದಲ್ಲಿ ಲೆಕ್ಕಕ್ಕೆ ಬರುವಷ್ಟಿಲ್ಲ. ಬೆಲ್ಲ ಹಾಕುವುದಾದರೆ ಅದರ ಪರಿಮಳಕ್ಕೆ ಹಾಕೋಣ. ಮಧುಮೇಹಿಗಳಿಗೆ ಬೆಲ್ಲದ ಬಿಸ್ಕತ್ತು ಕೊಟ್ಟು ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳುವುದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಬಯಸಿದ ಮಿತಿಯಂತೆ ದಿನಕ್ಕೆ 25 ಗ್ರಾಂ ಆಸುಪಾಸಿನ ಸಕ್ಕರೆ ಸಾಕು. ಜೇನುತುಪ್ಪವೂ ಅದರೊಳಗೇ ಸೇರುತ್ತದೆ. ಕೃತಕ ಸಿಹಿಕಾರಕದ ದಾರಿಯೂ ಸಲೀಸಲ್ಲ. ಆಸ್ಪಾರ್ಟೇಮ್ ಓವನ್ನಿನ ಕಾವಿಗೆ ಸಿಹಿ ಕಳೆದುಕೊಳ್ಳುತ್ತದೆ. ತೂಕ ನಿಯಂತ್ರಣಕ್ಕೆಂದು ಇಂಥವನ್ನು ಬಳಸಬಾರದೆಂದು ಅದೇ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ.

ಹುರಿಗಡಲೆಯ ಬದಲು ಕಡಲೆಹಿಟ್ಟನ್ನೇ ಹಾಕಬಾರದೇ ಎಂದು ಕೇಳಬಹುದು. ಹಾಕಬಹುದು, ಆದರೆ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದುಕೊಂಡ ಮೇಲೆ. ಇಲ್ಲವಾದರೆ ಹಸಿವಾಸನೆ ಬಿಸ್ಕತ್ತಿನಲ್ಲಿ ಉಳಿದುಬಿಡುತ್ತದೆ. ಹುರಿಗಡಲೆ ಈಗಾಗಲೇ ಹುರಿದದ್ದು. ಮಿಕ್ಸಿಯಲ್ಲಿ ಪುಡಿಮಾಡಿ ಜರಡಿ ಹಿಡಿದರೆ ಮುಗಿಯಿತು. ಶೇಂಗಾ ಪೇಸ್ಟಿಗೆ ಮಾತ್ರ ಸಹನೆ ಬೇಕು. ಹುರಿದು ಸಿಪ್ಪೆ ಹಾರಿಸಿದ ಬೀಜ ಮಿಕ್ಸಿಯಲ್ಲಿ ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆಯಾಗಿ ಜಾರಿನ ಗೋಡೆಗೆ ಅಂಟುತ್ತದೆ. ಆ ಹಂತದಲ್ಲಿ ನೀರು ಹಾಕಬಾರದು. ಬಿಟ್ಟುಬಿಟ್ಟು ತಿರುಗಿಸುತ್ತ, ಅಂಚನ್ನು ಚಮಚದಿಂದ ಕೆರೆಯುತ್ತ ಹೋದರೆ ಎಣ್ಣೆ ಬಿಟ್ಟುಕೊಂಡು ತಾನೇ ಹೊಳೆಹೊಳೆಯುವ ಪೇಸ್ಟ್ ಆಗುತ್ತದೆ. ಕಡಲೆಯಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಮಿಶ್ರಣ ಚಪಾತಿ ಕಣಕದಂತೆ ಎಳೆಯುವುದಿಲ್ಲ, ಅದುಮಿದರೆ ಮಾತ್ರ ಕೂಡಿಕೊಳ್ಳುತ್ತದೆ. ಕಡಲೆ ಹಿಟ್ಟು ನೀರನ್ನು ನಿಧಾನವಾಗಿ ಕುಡಿಯುವುದರಿಂದ ಕಲಸಿ ಕಾಲು ಗಂಟೆ ಬಿಡಬೇಕು. ಬೇಕಿಂಗ್ ಪೌಡರ್ ಅರ್ಧ ಚಮಚ, ಏಲಕ್ಕಿ, ಚಿಟಿಕೆ ಉಪ್ಪು. 160 ಡಿಗ್ರಿಯಲ್ಲಿ 15 ನಿಮಿಷ ಸಾಕು. ಹೊರತೆಗೆದಾಗ ಮೆತ್ತಗಿರುತ್ತದೆ, ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ, ಆರುತ್ತಿದ್ದಂತೆ ಗರಿಗಟ್ಟುತ್ತದೆ. ಮೊಟ್ಟೆ ತಿನ್ನದವರು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ 50 ಗ್ರಾಂ ಮೊಸರು ಹಾಕಿ, ಬೇಕಿಂಗ್ ಪೌಡರಿನ ಬದಲು ಚಿಟಿಕೆ ಅಡುಗೆ ಸೋಡಾ ಬಳಸಬಹುದು. ಮೊಸರಿನ ಹುಳಿ ಸೋಡಾದೊಂದಿಗೆ ಸೇರಿ ಹಿಟ್ಟನ್ನು ಉಬ್ಬಿಸುತ್ತದೆ.

ಪ್ರೋಟೀನ್ ಪುಡಿಯ ಪರ ವಾದಿಸುವವರು ಒಂದು ಮಾತು ಹೇಳುತ್ತಾರೆ: ಒಂದು ಅಳತೆ ವೇ, ಅಂದರೆ ಹಾಲೊಡಕಿನ ಪುಡಿಯಲ್ಲಿ 20 ಗ್ರಾಮಿಗೂ ಮೇಲೆ ಪ್ರೋಟೀನ್ ಇದೆ, ಇಷ್ಟೆಲ್ಲ ಶ್ರಮವೇಕೆ? ಅಂಕಿ ಸರಿ. ಆದರೆ ವೇ ಹೆಚ್ಚಾದರೆ ಬೇಯುವಾಗ ನೀರು ಬಿಟ್ಟು ಬಿಗಿದುಕೊಳ್ಳುತ್ತದೆ, ಕೇಕು ರಬ್ಬರಿನಂತೆ ಜಗಿಯಬೇಕಾಗುತ್ತದೆ. ಕಡಲೆ ತರುವ ನಾರನ್ನು ಅದು ತರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ದೇಹದಾರ್ಢ್ಯಕ್ಕಾಗಿ ಪ್ರೋಟೀನ್ ಪೂರಕಗಳನ್ನು ಸೇವಿಸಬೇಡಿ ಎಂದೇ ಹೇಳಿತು. ಓವನ್ನಿನಲ್ಲಿ ಪ್ರೋಟೀನ್ ಸುಟ್ಟುಹೋಗುತ್ತದೆ ಎಂಬ ಭಯವೂ ಬೇಡ. ಕಾವಿಗೆ ಪ್ರೋಟೀನಿನ ಆಕಾರ ಬದಲಾಗುತ್ತದೆ, ಕಡಲೆಯಲ್ಲಂತೂ ಬೆಂದ ಮೇಲೆ ಜೀರ್ಣವಾಗುವುದು ಸುಲಭ. ಮೇಲ್ಮೈ ಕಂದಾಗುವಾಗ ಸ್ವಲ್ಪ ಲೈಸಿನ್ ನಷ್ಟವಾಗುವುದು ನಿಜ, ಕಡಿಮೆ ಉರಿ ಇಡುವುದು ಅದಕ್ಕೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕ್ಯಾಲೊರಿಯದು. ಮೇಲೆ ಹೇಳಿದ ಎರಡೂ ಬಿಸ್ಕತ್ತುಗಳನ್ನು ತೂಗಿನೋಡಿದರೆ ಬೆಣ್ಣೆಯದರಲ್ಲಿ ಸುಮಾರು 80 ಕ್ಯಾಲೊರಿ, ಹುರಿಗಡಲೆಯದರಲ್ಲಿ 75ರ ಆಸುಪಾಸು. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು, ಏಕೆಂದರೆ ಶೇಂಗಾದ ಅರ್ಧದಷ್ಟು ಕೊಬ್ಬೇ. ಒಳ್ಳೆಯದೆಂದು ಎಂಟು ತಿಂದರೆ ತೂಕ ಏರುವುದು ಖಚಿತ. ಅದೇ ಕ್ಯಾಲೊರಿಗೆ ಮೂರು ಪಟ್ಟಿಗೂ ಮಿಕ್ಕಿದ ಪ್ರೋಟೀನು, ಹಲವು ಪಟ್ಟು ನಾರು, ಬೆಣ್ಣೆಯ ಬದಲು ಹೃದಯಕ್ಕೆ ಹಿತವಾದ ಕೊಬ್ಬು ಸಿಕ್ಕಿತು ಎನ್ನುವುದಷ್ಟೇ ಇದರ ಗೆಲುವು, ಅದು ಸಣ್ಣದೇನಲ್ಲ. ಹೆಸರುಕಾಳಿನ ಉಸಲಿಯನ್ನೋ ಬೇಯಿಸಿದ ಮೊಟ್ಟೆಯನ್ನೋ ಖುಷಿಯಿಂದ ತಿನ್ನುವ ಮನೆಗೆ ಇದರ ಅಗತ್ಯವೂ ಇಲ್ಲ. ಆದರೆ ಶಾಲೆಯಿಂದ ಬಂದ ಮಗು ಬಿಸ್ಕತ್ತನ್ನೇ ಕೇಳುತ್ತದೆ, ಹಲ್ಲು ಸವೆದ ಹಿರಿಯರು ಕಾಫಿಗೆ ಅದ್ದಿ ತಿನ್ನಲು ಬಯಸುತ್ತಾರೆ. ಅವರ ಕೈಗೆ ಹೇಗೂ ಹೋಗುವ ತಿಂಡಿಯನ್ನು ಬದಲಿಸುವ ಮಾತಿದು.

ಕೊನೆಗೆ ಎರಡು ಎಚ್ಚರಿಕೆ. ಮುಗ್ಗಿದ, ಕಪ್ಪುಬಿದ್ದ, ಕಹಿಯಾದ ಶೇಂಗಾ ಬೀಜವನ್ನು ಆರಿಸಿ ಎಸೆಯಿರಿ. ಅದರ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಮನೆಯ ಓವನ್ನಿನ ಕಾವಿಗೆ ನಾಶವಾಗುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ, ಶೇಂಗಾ ಅಲರ್ಜಿಯ ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಉಳಿದವರು ಮುಂದಿನ ಸಲ ಬಿಸ್ಕತ್ತಿಗೆ ಕೈಹಾಕಿದಾಗ ಮೈದಾದ ಡಬ್ಬಿ ಮುಚ್ಚಿಟ್ಟು ಹುರಿಗಡಲೆ ಡಬ್ಬಿ ತೆರೆಯಿರಿ, ಬೆಲ್ಲವನ್ನು ಕಣ್ಣಂದಾಜಿಗೆ ಬಿಡದೆ ತಕ್ಕಡಿಯಲ್ಲಿ ತೂಗಿ ಹಾಕಿ.