ಹಬ್ಬದೂಟಕ್ಕೆ ಸರಳವಾದ ಹ್ಯಾಮ್

ಡಿಸೆಂಬರ್ ಬಂತೆಂದರೆ ಮಂಜೇಶ್ವರ, ಬೇಳ, ಕಯ್ಯಾರಿನ ಕಡೆಯ ನಮ್ಮ ಮನೆಗಳಲ್ಲಿ ಒಲೆಗೆ ಬಿಡುವಿಲ್ಲ. ಮೊದಲು ಕುಸ್ವಾರಿನ ನೆವ್ರಿ, ಕಿಡಿಯೊ, ಗುಳಿಯೊ, ಅಕ್ಕಿಲಡ್ಡು. ಅದು ಮುಗಿಯುವಷ್ಟರಲ್ಲಿ ಹಂದಿ ಬಫಾತ್, ಕೋಳಿ ಸಾರು, ಸಾನ್ನಾ. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲಿ ತೂಕಡಿಸುವ ತಾಯಂದಿರನ್ನು ಗುರುಗಳಾದ ನಾವು ಪೀಠದಿಂದ ಕಾಣುತ್ತೇವೆ. ಅದು ಭಕ್ತಿಯ ಕೊರತೆಯಲ್ಲ, ದಿನವಿಡೀ ಬೆಂಕಿಯ ಮುಂದೆ ನಿಂತ ಆಯಾಸ. ಮರುದಿನ ಮಧ್ಯಾಹ್ನ ಎಲ್ಲರೂ ಉಣ್ಣುವಾಗಲೂ ಬಡಿಸುವವರು ಅವರೇ.

ಬಫಾತನ್ನು ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಒಂದು ವರ್ಷ ಹ್ಯಾಮ್ ಊಟ ಮಾಡಿ ನೋಡಬಹುದು. ಇದರ ಮುಕ್ಕಾಲು ಕೆಲಸ ಹಬ್ಬಕ್ಕೆ ಮೊದಲೇ ಮುಗಿಯುತ್ತದೆ.

ಹ್ಯಾಮ್ ಎಂದರೆ ಉಪ್ಪಿನಲ್ಲಿ ಹದಗೊಳಿಸಿದ ಹಂದಿಯ ಹಿಂಗಾಲಿನ ತೊಡೆ. ಫ್ರಿಜ್ ಇಲ್ಲದ ಕಾಲದಲ್ಲಿ ಯುರೋಪಿನ ರೈತರು ಚಳಿಗಾಲದ ಹೊಸ್ತಿಲಲ್ಲಿ ಹಂದಿ ಕಡಿದು, ಮಾಂಸ ಕೆಡದಂತೆ ಉಪ್ಪು ಹಚ್ಚಿ, ಹೊಗೆಯಲ್ಲಿ ತೂಗುಹಾಕಿ ಇಡುತ್ತಿದ್ದರು. ಹೀಗೆ ಅದು ಸ್ವೀಡನ್, ಇಂಗ್ಲೆಂಡ್‌ಗಳಲ್ಲಿ ಕ್ರಿಸ್ಮಸ್ಸಿಗೂ ಅಮೆರಿಕದಲ್ಲಿ ಈಸ್ಟರಿಗೂ ಹಬ್ಬದ ಅಡುಗೆಯಾಯಿತು. ಪೇಟೆಯ ಹ್ಯಾಮ್ ಗುಲಾಬಿ ಬಣ್ಣ ಇರುವುದು ಅದಕ್ಕೆ ಸೇರಿಸುವ ನೈಟ್ರೈಟ್ ಎಂಬ ಲವಣದಿಂದ. ಮನೆಯಲ್ಲಿ ನಮಗೆ ಅದು ಬೇಡ. ಮನೆಯ ಹ್ಯಾಮ್ ಬೆಂದಾಗ ಬಿಳಿಚಾಗಿ, ಸ್ವಲ್ಪ ಬೂದು ಬಣ್ಣಕ್ಕೆ ತಿರುಗುತ್ತದೆ. ಹೆದರಬೇಕಾದ್ದಿಲ್ಲ.

ಡಿಸೆಂಬರ್ 23ರ ಬೆಳಿಗ್ಗೆ: ಎಂಟು ಜನರ ಊಟಕ್ಕೆ ಎಲುಬು ತೆಗೆದ 2 ಕಿಲೋ ತೊಡೆಯ ಮಾಂಸ ಒಂದೇ ತುಂಡಾಗಿ ತನ್ನಿ. ಚರ್ಮದ ಕೆಳಗಿನ ಕೊಬ್ಬು ಸ್ವಲ್ಪ ಇರಲಿ. 2 ಲೀಟರ್ ನೀರಿಗೆ 150 ಗ್ರಾಂ ಉಪ್ಪು, 50 ಗ್ರಾಂ ಬೆಲ್ಲ, ಒಂದು ಚಮಚ ಒಳ್ಳೆಮೆಣಸು, ನಾಲ್ಕು ಲವಂಗ, ಒಂದು ತುಂಡು ದಾಲ್ಚಿನ್ನಿ ಹಾಕಿ ಕುದಿಸಿ. ಪೂರ್ತಿ ತಣ್ಣಗಾದ ಮೇಲೆಯೇ ಮಾಂಸವನ್ನು ಅದರಲ್ಲಿ ಮುಳುಗಿಸಿ. ಸ್ಟೀಲ್ ಪಾತ್ರೆಯೋ ಭರಣಿಯೋ ಆಗಬಹುದು, ಅಲ್ಯೂಮಿನಿಯಂ ಬೇಡ. ಮುಚ್ಚಿ ಫ್ರಿಜ್‌ನಲ್ಲಿಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಇದನ್ನು ಹೊರಗೆ ಇಡಲೇಬಾರದು.

24ರ ಮಧ್ಯಾಹ್ನ: ಉಪ್ಪುನೀರು ಚೆಲ್ಲಿ, ಮಾಂಸವನ್ನು ತೊಳೆದು, ದಾರದಿಂದ ಬಿಗಿಯಾಗಿ ಕಟ್ಟಿ. ಹೊಸ ನೀರಿನಲ್ಲಿ ಒಂದು ನೀರುಳ್ಳಿ, ಒಂದು ಕ್ಯಾರೆಟ್ ಜೊತೆ ಸಣ್ಣ ಉರಿಯಲ್ಲಿ ಸುಮಾರು 2 ಗಂಟೆ ಬೇಯಿಸಿ. ಹಂದಿ ಮಾಂಸ ಅರೆಬೆಂದರೆ ಲಾಡಿಹುಳು ದೇಹ ಸೇರುವ ಅಪಾಯವಿದೆ. ಆದ್ದರಿಂದ ನಡುವಿಗೆ ಚೂರಿ ಚುಚ್ಚಿ ನೋಡಿ: ಸಲೀಸಾಗಿ ಇಳಿಯಬೇಕು, ಹೊರಬರುವ ರಸದಲ್ಲಿ ಕೆಂಪು ಇರಬಾರದು. ಆರಿದ ಮೇಲೆ, ಎರಡು ಗಂಟೆಯೊಳಗೆ, ಫ್ರಿಜ್‌ಗೆ ಸೇರಿಸಿ. ಬೆಂದ ನೀರನ್ನೂ ತೆಗೆದಿಡಿ. ಅದೇ ಹೊತ್ತಿಗೆ ಬಟಾಟೆ ಬೇಯಿಸಿ ಇಡಬಹುದು. ಸಂಜೆಗೆ ಅಡುಗೆಮನೆಯ ಬಾಗಿಲು ಹಾಕಿ, ಸ್ವಲ್ಪ ಮಲಗಿ, ಆಮೇಲೆ ನಿರಾಳವಾಗಿ ಇಗರ್ಜಿಗೆ ಬನ್ನಿ.

25ರಂದು: ದಪ್ಪ ತಳದ ಪಾತ್ರೆಯಲ್ಲಿ ತೆಗೆದಿಟ್ಟ ನೀರು ಎರಡು ಸೌಟು ಹಾಕಿ, ಮಾಂಸವಿಟ್ಟು ಮುಚ್ಚಿ, ನಡುವಿನ ತನಕ ಬಿಸಿಯಾಗುವವರೆಗೆ ಸಣ್ಣ ಉರಿಯಲ್ಲಿ ಇಡಿ. ಮುಕ್ಕಾಲು ಗಂಟೆ ಬೇಕಾದೀತು. ಈ ನಡುವೆ 100 ಗ್ರಾಂ ಬೆಲ್ಲ, ಅರ್ಧ ಕಪ್ ಅನಾನಸು ರಸ, ಒಂದು ಚಮಚ ಸಾಸಿವೆ ಹುಡಿ ಸೇರಿಸಿ ಅಂಟು ಬರುವಂತೆ ಕುದಿಸಿ. ಚರ್ಮ ತೆಗೆದು, ಕೊಬ್ಬಿನ ಮೇಲೆ ಚೌಕಚೌಕವಾಗಿ ಗೀರಿ, ಲವಂಗ ಚುಚ್ಚಿ, ಈ ಪಾಕ ಸವರಿ. ಓವನ್ ಇದ್ದರೆ ಅದರಲ್ಲಿ 20 ನಿಮಿಷ. ಇಲ್ಲದಿದ್ದರೆ ಬಾಣಲೆಯಲ್ಲಿ ತುಸು ಬೆಣ್ಣೆ ಹಾಕಿ ಹೊರಳಿಸುತ್ತಾ ಕೆಂಪಗಾಗಿಸಿ. ಹತ್ತು ನಿಮಿಷ ಬಿಟ್ಟು ತೆಳ್ಳಗೆ ಕೊಯ್ಯಿರಿ.

ಜೊತೆಗೆ ಮೂರೇ ಬಗೆ ಸಾಕು. ಬೆಂದ ಬಟಾಟೆಗೆ ಬಿಸಿ ಹಾಲು, ಬೆಣ್ಣೆ ಸೇರಿಸಿ ಬಿಸಿ ಮಾಡುತ್ತಾ ನುಣ್ಣಗೆ ಕಿವುಚಿ. ಬೀನ್ಸನ್ನು ಹಸಿರು ಮಾಸದಂತೆ ಬೇಯಿಸಿ ಒಳ್ಳೆಮೆಣಸಿನ ಹುಡಿ ಉದುರಿಸಿ. ಎಳೆ ಎಲೆಕೋಸನ್ನು ಸಣ್ಣಗೆ ಹೆಚ್ಚಿ ಮೊಸರು, ನಿಂಬೆರಸದಲ್ಲಿ ಕಲಸಿ. ಮಾಂಸದಲ್ಲೇ ಉಪ್ಪಿರುವುದರಿಂದ ಇವುಗಳಿಗೆ ಉಪ್ಪು ಕಡಿಮೆ ಸಾಕು. ರಕ್ತದೊತ್ತಡ ಇರುವ ಹಿರಿಯರಿಗೆ ಒಂದೆರಡು ಹೋಳಿಗಿಂತ ಹೆಚ್ಚು ಬಡಿಸಬೇಡಿ. ಬೇಕರಿಯ ಪಾವ್ ಇದಕ್ಕೆ ಒಪ್ಪುತ್ತದೆ, ಸಾನ್ನಾ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಲೂಕನ ಸುವಾರ್ತೆಯ ಮಾರ್ತಾಳ ಕಥೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಮರಿಯಳ ಪಕ್ಷ ವಹಿಸುತ್ತೇವೆ. ಆದರೆ ಮಾರ್ತಾಳ ದೂರು ಸುಳ್ಳಲ್ಲ: ಕೆಲಸವೆಲ್ಲ ಅವಳೊಬ್ಬಳ ಮೇಲೆಯೇ ಬಿದ್ದಿತ್ತು. ನಾಲ್ವರು ಕೈಜೋಡಿಸಿದರೆ ಮಾರ್ತಾಳಿಗೂ ಪ್ರಭುವಿನ ಪಾದದ ಬಳಿ ಜಾಗ ಸಿಗುತ್ತದೆ. ಬಟಾಟೆಯ ಸಿಪ್ಪೆ ಮಕ್ಕಳು ಸುಲಿಯಲಿ, ಎಲೆಕೋಸು ಮಗ ಹೆಚ್ಚಲಿ, ಮಾಂಸ ಕೊಯ್ದು ಬಡಿಸುವುದು ಅಪ್ಪನ ಪಾಲಿಗಿರಲಿ. ತಾಯಿ ಕುಳಿತ ಮೇಲೆಯೇ ಊಟದ ಪ್ರಾರ್ಥನೆ ಶುರುವಾಗಲಿ.

ಉಳಿದ ಮಾಂಸ ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ತೆಗೆದಿಟ್ಟ ನೀರಿಗೆ ಹೆಸರುಕಾಳು ಹಾಕಿ ಬೇಯಿಸಿ, ಚೂರು ಮಾಂಸ ಸೇರಿಸಿದರೆ ಮರುದಿನದ ಸೂಪ್ ಸಿದ್ಧ. ಅದಕ್ಕಿಂತ ಮೊದಲು, ನಿಮ್ಮ ವಾಳೆಯಲ್ಲಿ ಒಂಟಿಯಾಗಿ ಹಬ್ಬ ಮಾಡುವ ಹಿರಿಯರಿದ್ದರೆ, ಒಂದು ತಟ್ಟೆ ಮುಚ್ಚಿ ಬಿಸಿಬಿಸಿಯಾಗಿ ಅಲ್ಲಿಗೆ ಕಳುಹಿಸಿಕೊಡಿ.