ನಗಿಸುವ ಪುಸ್ತಕ, ಹತ್ತನೇ ಸಲ

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗಳು ಒಂದೇ ತಮಾಷೆ ಪುಸ್ತಕವನ್ನು ದಿನವೂ ಓದಿಸಿಕೊಳ್ಳುತ್ತಾಳೆ. ಬೇಸರವಾಗುವುದಿಲ್ಲವೇ? ಬೇರೆ ಯಾವುದನ್ನು ಓದಲಿ?
– ಓದುಗರು, ಕೋಟೇಶ್ವರ

ಉತ್ತರ: ಬೇಸರ ನಿಮಗೆ, ಅವಳಿಗಲ್ಲ! ಮುಂದೇನಾಗುತ್ತದೆಂದು ಗೊತ್ತಿರುವುದೇ ಅವಳ ಸುಖ. ನಗು ಬರುವ ಪುಟಕ್ಕೆ ಅವಳು ಮೊದಲೇ ಕಾದಿರುತ್ತಾಳೆ. ಒಂದೇ ಕಥೆಯನ್ನು ಮತ್ತೆಮತ್ತೆ ಕೇಳಿದ ಮೂರು ವರ್ಷದ ಮಕ್ಕಳು ಹೊಸ ಪದಗಳನ್ನು ಚೆನ್ನಾಗಿ ಕಲಿತರೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2011ರಲ್ಲಿ ತೋರಿಸಿದ್ದಾರೆ.

ನನ್ನ ಆಯ್ಕೆ, ಪ್ರಥಮ್ ಬುಕ್ಸ್ ಹೊರತಂದ ಶೃಂಗೇರಿ ಶ್ರೀನಿವಾಸನ ಕಥೆ. ಬರೆದವರು ರೋಹಿಣಿ ನಿಲೇಕಣಿ. ವರ್ಷಕ್ಕೊಮ್ಮೆ ಮಾತ್ರ ಕೂದಲು ಕತ್ತರಿಸಿಕೊಳ್ಳುವ ಈ ಮಹಾಶಯನಿಗೆ ಅಂದು ಯಾರೂ ಬಿಡುವಾಗಿ ಸಿಗುವುದಿಲ್ಲ. ಕೊನೆಗೆ ಹೋಗುವುದು ಹುಲಿಯ ಗುಹೆಗೆ! ಮುಂದಿನದನ್ನು ನಾನು ಹೇಳುವುದಿಲ್ಲ. 2015ರಲ್ಲಿ ಶುರುವಾದ, ಪ್ರಥಮ್ ಬುಕ್ಸ್‌ನವರದೇ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಆದರೂ ಕಾಗದದ ಪುಸ್ತಕವೇ ವಾಸಿ, ಪುಟ ತಿರುಗಿಸುವ ಅಧಿಕಾರ ಮಗುವಿನ ಕೈಯಲ್ಲಿರುತ್ತದೆ.

ಚಿತ್ರವಿಲ್ಲದಿದ್ದರೂ ನಡೆಯುತ್ತದೆಂದರೆ ಪಂಜೆ ಮಂಗೇಶರಾಯರ ‘ಹೇನು ಸತ್ತು ಕಾಗೆ ಬಡವಾಯಿತು’ ಇದೆ. ಹೆಸರು ಕೇಳಿಯೇ ಮಕ್ಕಳು ನಗುತ್ತವೆ.

ಓದುವಾಗ ಗ್ರಂಥಭಾಷೆಗೆ ಅಂಟಿಕೊಳ್ಳಬೇಡಿ. ಹುಲಿ ನಿಮ್ಮೂರಿನ ಕುಂದಾಪ್ರ ಕನ್ನಡದಲ್ಲೇ ಗರ್ಜಿಸಲಿ: “ಹ್ವಾಯ್, ಇಲ್ಲಿಗ್ ಎಂತಕ್ ಬಂದ್ರಿ?” ಚಿತ್ರದ ಮೂಲೆಯಲ್ಲಿ ಏನಿದೆಯೆಂದು ಅವಳನ್ನೇ ಕೇಳಿ. ನಡುವೆ ಒಂದು ಸಾಲು ಬೇಕೆಂದೇ ತಪ್ಪಾಗಿ ಓದಿ ನೋಡಿ, ತಿದ್ದದೆ ಬಿಡುವವಳಲ್ಲ.