ಎಂಜಿನ್ ಏಕೆ ಚಾಲೂ ಆಗಲೊಲ್ಲದು?

ಅಫಜಲಪುರ ತಾಲ್ಲೂಕಿನ ಕರಜಗಿಯ ಸುತ್ತಲಿನ ಎರೆಹೊಲಗಳಲ್ಲಿ ಮುಂಗಾರಿಗೆ ಬಿತ್ತಿದ ತೊಗರಿಯು ದೀಪಾವಳಿಯ ಹೊತ್ತಿಗೆ ಹೂಬಿಡುತ್ತಿರುತ್ತದೆ. ಕಲಬುರಗಿ ಜಿಲ್ಲೆಯ ಬದುಕು ಬಹುಮಟ್ಟಿಗೆ ಈ ಬೆಳೆಯನ್ನೇ ನೆಚ್ಚಿದೆ; ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆದರೆ ಹೂವಿನ ಬೆನ್ನಿಗೇ ಕಾಯಿಕೊರಕ ಹುಳುವೂ ಬರುತ್ತದೆ. ಪತಂಗವು ಇಟ್ಟ ಮೊಟ್ಟೆಗಳು ಮೂರು ನಾಲ್ಕು ದಿನಗಳಲ್ಲಿ ಒಡೆದು ಮರಿಗಳಾಗುತ್ತವೆ. ಮರಿಯು ಚಿಕ್ಕದಾಗಿರುವಾಗ ಔಷಧಕ್ಕೆ ಸುಲಭವಾಗಿ ಸಾಯುತ್ತದೆ. ಬೆಳೆದು ಕಾಯಿಯೊಳಕ್ಕೆ ತಲೆ ತೂರಿಸಿದ ಮೇಲೆ ಅದನ್ನು ಹಿಡಿತಕ್ಕೆ ತರುವುದು ಕಷ್ಟ. ಆದುದರಿಂದ ರೈತನು 'ಎಣ್ಣೆ ಹೊಡೆಯುವ' ಕೆಲಸಕ್ಕೆ ದಿನಗಳ ಲೆಕ್ಕವಿದೆ. ಅಂಥ ದಿನವೇ, ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲ್ ಎಂಜಿನ್ನಿನ ಸಿಂಪರಣಾ ಯಂತ್ರವು ಇಪ್ಪತ್ತು ಸಲ ಹಗ್ಗ ಎಳೆದರೂ ಚಾಲೂ ಆಗದೆ ಕುಳಿತರೆ ಏನು ಮಾಡಬೇಕು?

ಸಾಮಾನ್ಯವಾಗಿ ನಾವು ಮಾಡುವುದು ಇಷ್ಟು: ಇನ್ನೂ ಜೋರಾಗಿ ಎಳೆಯುತ್ತೇವೆ, ಕಣ್ಣಿಗೆ ಬಿದ್ದ ತಿರುಪುಗಳನ್ನೆಲ್ಲ ತಿರುಗಿಸುತ್ತೇವೆ, ಕೊನೆಗೆ ಯಂತ್ರವು ಹಟ ಹಿಡಿದಿದೆಯೆಂದು ಬಯ್ಯುತ್ತೇವೆ. ಯಂತ್ರಕ್ಕೆ ಹಟವಿಲ್ಲ. ಅದು ಚಾಲೂ ಆಗಬೇಕಾದರೆ ಮೂರು ಅಂಶಗಳು ಕೂಡಬೇಕು: ಹದವಾಗಿ ಬೆರೆತ ಗಾಳಿ ಮತ್ತು ಪೆಟ್ರೋಲು, ಅದನ್ನು ಅಮುಕುವ ಒತ್ತಡ, ಸರಿಯಾದ ಕ್ಷಣದಲ್ಲಿ ಒಂದು ಕಿಡಿ. ಈ ಮೂರರಲ್ಲಿ ಯಾವುದು ತಪ್ಪಿದೆಯೆಂಬುದನ್ನು ಕ್ರಮವಾಗಿ ವಿಚಾರಿಸುವುದೇ ದುರಸ್ತಿಯ ಅರ್ಧ ಭಾಗ.

ಮೊದಲು ಎಂಜಿನ್ನಿನ ಒಳಗೆ ನಡೆಯುವುದನ್ನು ತಿಳಿಯೋಣ. ಇಂಥ ಯಂತ್ರಗಳಲ್ಲಿ ಹಲವಕ್ಕೆ ಟೂ-ಸ್ಟ್ರೋಕ್, ಅಂದರೆ ಎರಡು ಹೊಡೆತಗಳ ಎಂಜಿನ್ ಇರುತ್ತದೆ. ಇದರ ಸರಳ ರೂಪವನ್ನು 1891ರ ಸುಮಾರಿಗೆ ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಎಂಬವನು ರೂಪಿಸಿದನು. ಪಿಸ್ಟನ್ನು ಮೇಲೇರುವಾಗ ತನ್ನ ಮೇಲಿನ ಮಿಶ್ರಣವನ್ನು ಅಮುಕುತ್ತದೆ. ಅದೇ ವೇಳೆಗೆ ಅದರ ಕೆಳಗಿನ ಕೋಣೆಯೊಳಕ್ಕೆ ಹೊಸ ಮಿಶ್ರಣವು ಸೇರುತ್ತದೆ. ಕಿಡಿ ಹಾರಿ ಮಿಶ್ರಣ ಉರಿದೊಡನೆ ಪಿಸ್ಟನ್ನು ಕೆಳಕ್ಕೆ ನೂಕಲ್ಪಡುತ್ತದೆ. ಹೊಗೆಯು ಒಂದು ಕಿಂಡಿಯಿಂದ ಹೊರಬೀಳುತ್ತದೆ, ಕೆಳಗಿದ್ದ ಹೊಸ ಮಿಶ್ರಣವು ಇನ್ನೊಂದು ಕಿಂಡಿಯಿಂದ ಮೇಲಕ್ಕೆ ಬರುತ್ತದೆ. ಕೆಳಗಿನ ಕೋಣೆಯು ಮಿಶ್ರಣದ ದಾರಿಯಾಗಿರುವುದರಿಂದ ಅಲ್ಲಿ ಬೇರೆಯಾಗಿ ಆಯಿಲ್ ತುಂಬಿಡುವಂತಿಲ್ಲ. ಆದುದರಿಂದಲೇ ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸುವ ಪದ್ಧತಿ ಬಂದಿದೆ. ತಯಾರಕರು 1:25 ಎಂದು ಹೇಳಿದ್ದರೆ ಲೀಟರಿಗೆ 40 ಮಿಲಿಲೀಟರ್, 1:50 ಎಂದಿದ್ದರೆ 20 ಮಿಲಿಲೀಟರ್ ಎಂದರ್ಥ.

ಮಿಶ್ರಣದ ಹದವೆಂಬುದು ಬಹು ಸೂಕ್ಷ್ಮವಾದುದು. ಗಾಳಿಯಲ್ಲಿ ಪೆಟ್ರೋಲಿನ ಆವಿಯು ಗಾತ್ರದಲ್ಲಿ ನೂರಕ್ಕೆ ಸುಮಾರು 1.4 ಪಾಲಿಗಿಂತ ಕಡಿಮೆಯಾದರೆ ಹೊತ್ತಲಾರದು, 7.6 ಪಾಲನ್ನು ಮೀರಿದರೂ ಹೊತ್ತಲಾರದು. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಹದಿನಾಲ್ಕೂವರೆ ಗ್ರಾಂಗೂ ಮಿಕ್ಕಿ ಗಾಳಿ ಬೇಕು. ನಮ್ಮ ಎಂಜಿನ್ನಿನ ಅಳತೆ 35 ಘನ ಸೆಂಟಿಮೀಟರ್ ಎಂದುಕೊಂಡರೆ, ಒಂದು ಸುತ್ತಿಗೆ ಅದು ಸೆಳೆಯುವ ಗಾಳಿಯ ತೂಕ ಸುಮಾರು 42 ಮಿಲಿಗ್ರಾಂ. ಅದಕ್ಕೆ ಬೇಕಾದ ಪೆಟ್ರೋಲು ಮೂರು ಮಿಲಿಗ್ರಾಂಗೂ ಕಡಿಮೆ. ಒಂದೇ ಹನಿ ಪೆಟ್ರೋಲು ಹಲವು ಸುತ್ತುಗಳಿಗೆ ಸಾಕೆಂದಾಯಿತು. ಪೆಟ್ರೋಲು ಬಾರದಿದ್ದರೆ ಎಂಜಿನ್ ಹೇಗೆ ನಿಲ್ಲುವುದೋ, ಹೆಚ್ಚು ಬಂದರೂ ಹಾಗೆಯೇ ನಿಲ್ಲುವುದು.

ಇನ್ನು ಪರೀಕ್ಷೆಗೆ ತೊಡಗೋಣ. ಪಾನಾ ಹಿಡಿಯುವ ಮುನ್ನ ಹೊರಗಿನಿಂದಲೇ ನೋಡಬೇಕಾದ ಸಂಗತಿಗಳಿವೆ. ಎಂಜಿನ್ ನಿಲ್ಲಿಸುವ ಸ್ವಿಚ್ಚು ಸರಿಯಾದ ಕಡೆಗಿದೆಯೆ? ಅದರ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗಲಿದರೂ ಕಿಡಿ ಹುಟ್ಟದು. ಪೆಟ್ರೋಲಿನ ನಲ್ಲಿ ತೆರೆದಿದೆಯೆ? ಟಾಕಿಯ ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸಣ್ಣ ರಂಧ್ರವು ಧೂಳಿನಿಂದ ಮುಚ್ಚಿಲ್ಲವಷ್ಟೆ? ಅದು ಮುಚ್ಚಿದ್ದರೆ ಪೆಟ್ರೋಲು ಇಳಿದಷ್ಟೂ ಟಾಕಿಯೊಳಗಿನ ಒತ್ತಡವು ಕುಂದಿ, ಕೊನೆಗೆ ಹರಿವೇ ನಿಲ್ಲುತ್ತದೆ. ಗಾಳಿಯ ಜಾಲರಿಯನ್ನೂ ಬಿಚ್ಚಿ ನೋಡಬೇಕು. ಎರೆಮಣ್ಣಿನ ಧೂಳು ಅಲ್ಲಿ ಬೇಗ ತುಂಬಿಕೊಳ್ಳುತ್ತದೆ.

ಹಗ್ಗ ಎಳೆಯುವ ರೀತಿಯಲ್ಲಿಯೂ ಭೌತಶಾಸ್ತ್ರವಿದೆ. ಈ ಯಂತ್ರಗಳಲ್ಲಿ ಬ್ಯಾಟರಿಯಿಲ್ಲ. ಫ್ಲೈವೀಲ್ ಎಂಬ ಚಕ್ರದಲ್ಲಿ ಕೂರಿಸಿದ ಅಯಸ್ಕಾಂತವು ತಂತಿಯ ಸುರುಳಿಯ ಮುಂದೆ ಹಾದುಹೋದಾಗ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆಯು ಕಂಡುಹಿಡಿದ ಪ್ರೇರಣೆಯ ತತ್ತ್ವವಿದು. ಅಯಸ್ಕಾಂತವು ಎಷ್ಟು ವೇಗವಾಗಿ ಹಾಯುವುದೋ ಅಷ್ಟು ಹೆಚ್ಚು ವೋಲ್ಟೇಜು. ಹಗ್ಗ ಸುತ್ತಿದ ರಾಟೆಯ ಸುತ್ತಳತೆ 20 ಸೆಂಟಿಮೀಟರ್ ಇದ್ದು, 60 ಸೆಂಟಿಮೀಟರ್ ಹಗ್ಗವನ್ನು ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ಎಳೆದರೆ ಚಕ್ರವು ಮೂರು ಸುತ್ತು ತಿರುಗುತ್ತದೆ, ನಿಮಿಷಕ್ಕೆ 540 ಸುತ್ತಿನ ಲೆಕ್ಕದಲ್ಲಿ. ಅದೇ ಹಗ್ಗವನ್ನು ಎರಡು ಸೆಕೆಂಡು ಜಗ್ಗಿದರೆ ಸುತ್ತುಗಳು ಅಷ್ಟೇ, ಆದರೆ ಕಿಡಿಯಿಲ್ಲ. ಆದುದರಿಂದ ಹಗ್ಗವನ್ನು ಮೊದಲು ಮೆಲ್ಲನೆ ಎಳೆದು, ಕೈಗೆ ಬಿಗಿ ತಗಲಿದೊಡನೆ ಹಿಂದಕ್ಕೆ ಬಿಟ್ಟು, ಅನಂತರ ಒಮ್ಮೆಲೇ ಚುರುಕಾಗಿ ಎಳೆಯಬೇಕು.

ಇಷ್ಟಾದರೂ ಎಂಜಿನ್ ಏಳದಿದ್ದರೆ ಪ್ಲಗ್ಗನ್ನು ಬಿಚ್ಚಿ ಅದರ ಮೂತಿಯನ್ನು ನೋಡಬೇಕು. ವೈದ್ಯನಿಗೆ ನಾಲಗೆ ಹೇಗೋ ಮೆಕ್ಯಾನಿಕ್ಕನಿಗೆ ಪ್ಲಗ್ಗು ಹಾಗೆ. ಇಲ್ಲಿಂದ ನಮ್ಮ ದಾರಿಯು ಎರಡಾಗಿ ಕವಲೊಡೆಯುತ್ತದೆ: ಪ್ಲಗ್ಗು ಒಣಗಿದ್ದರೆ ಪೆಟ್ರೋಲು ಅಲ್ಲಿಗೆ ತಲಪುತ್ತಿಲ್ಲ, ಒದ್ದೆಯಾಗಿದ್ದರೆ ತಲಪಿದೆ, ಆದರೆ ಹೊತ್ತುತ್ತಿಲ್ಲ.

ಒಣಗಿದ್ದಾಗ ಪೆಟ್ರೋಲಿನ ದಾರಿಯನ್ನು ಟಾಕಿಯಿಂದ ಕೆಳಮುಖವಾಗಿ ಹಿಡಿದು ಹೋಗಬೇಕು: ಟಾಕಿಯ ಜಾಲರಿ, ನಳಿಕೆ, ಕಾರ್ಬ್ಯುರೇಟರ್, ಅದರೊಳಗಿನ ಕೂದಲೆಳೆಯಂಥ ರಂಧ್ರ. ಕಳೆದ ಹಂಗಾಮಿನ ಪೆಟ್ರೋಲು ಅಲ್ಲಿಯೇ ಉಳಿದಿದ್ದರೆ ಅದರ ಹಗುರ ಅಂಶಗಳು ಆವಿಯಾಗಿ, ಅಂಟು ಮಾತ್ರ ಉಳಿದು ರಂಧ್ರವನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಇನ್ನೊಂದು ವಿಶೇಷವಿದೆ. ಕಬ್ಬು ಮೊದಲಾದ ಬೆಳೆಗಳಿಂದ ತಯಾರಿಸುವ ಎಥನಾಲನ್ನು ಅದರಲ್ಲಿ ಬೆರೆಸುತ್ತಾರೆ. 2025ರಲ್ಲಿ ಈ ಬೆರಕೆಯು ನಮ್ಮ ದೇಶದಲ್ಲಿ ನೂರಕ್ಕೆ 20ನ್ನು ಮುಟ್ಟಿತು. ಎಥನಾಲ್ ನೀರನ್ನು ಹೀರಿಕೊಳ್ಳುವ ದ್ರವ. ನೀರು ಒಂದು ಮಿತಿಯನ್ನು ಮೀರಿದೊಡನೆ ಎಥನಾಲು ನೀರಿನೊಡನೆ ಸೇರಿ, ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ನಳಿಕೆಯು ಸೆಳೆಯುವುದು ತಳದಿಂದಲೇ. ಆಗ ಟಾಕಿ ತುಂಬಿದ್ದರೂ ಎಂಜಿನ್ನಿಗೆ ಸಿಕ್ಕುವುದು ನೀರು ಬೆರೆತ ದ್ರವ. ಅದರಲ್ಲಿ ಆಯಿಲ್ ಕೂಡ ಇರುವುದಿಲ್ಲ. ಸ್ವಲ್ಪ ಪೆಟ್ರೋಲನ್ನು ಗಾಜಿನ ಶೀಸೆಗೆ ಬಸಿದು ಸ್ವಲ್ಪ ಹೊತ್ತು ಇಟ್ಟರೆ ಎರಡು ಪದರಗಳು ಕಾಣುತ್ತವೆಯೊ ಇಲ್ಲವೊ ಎಂಬುದು ತಿಳಿಯುತ್ತದೆ. ಪದರಗಳು ಕಂಡರೆ ಟಾಕಿಯನ್ನೆಲ್ಲ ಖಾಲಿಮಾಡಿ ಹೊಸದನ್ನು ತುಂಬಬೇಕು.

ಪ್ಲಗ್ಗು ಒದ್ದೆಯಾಗಿರುವುದಕ್ಕೆ ಮುಖ್ಯ ಕಾರಣವೆಂದರೆ ಚೋಕನ್ನು ಮುಚ್ಚಿಟ್ಟು ಮತ್ತೆ ಮತ್ತೆ ಎಳೆಯುವುದು. ಚೋಕು ಗಾಳಿಯನ್ನು ತಡೆದು ಪೆಟ್ರೋಲನ್ನು ಹೆಚ್ಚಿಸುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗದ ಕಾರಣ ಈ ಉಪಾಯ ಬೇಕಾಗುತ್ತದೆ. ಕೆನಡ ದೇಶದಲ್ಲಿ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಎಂಬವನು 1959ರಲ್ಲಿ ಮಾರುಕಟ್ಟೆಗೆ ತಂದ ಸ್ಕೀ-ಡೂ ಎಂಬ ಹಿಮವಾಹನವೂ ಸಣ್ಣ ಪೆಟ್ರೋಲ್ ಎಂಜಿನ್ನಿನದೇ. ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಯಲ್ಲಿ ಅಂಥ ವಾಹನವನ್ನು ಎಬ್ಬಿಸುವವನಿಗೆ ಆವಿ ಸಾಲದೆಂಬುದೇ ಚಿಂತೆ. ಭೀಮಾತೀರದಲ್ಲಿ ಚಿಂತೆ ತಲೆಕೆಳಗು. ಒಂದು ತೊಟ್ಟಿ ಔಷಧ ಮುಗಿಸಿ, ಮತ್ತೆ ತುಂಬಿಕೊಂಡು ಎಳೆಯುವಾಗ ಎಂಜಿನ್ ಇನ್ನೂ ಬಿಸಿಯಾಗಿರುತ್ತದೆ. ಆಗ ಚೋಕು ಮುಚ್ಚಿದರೆ ಪೆಟ್ರೋಲು ಮಿತಿಮೀರುತ್ತದೆ. ಹಾಗೇನಾದರೂ ಆದರೆ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಸ್ವಿಚ್ಚನ್ನು ನಿಲ್ಲಿಸುವ ಕಡೆಗಿಟ್ಟು, ಚೋಕನ್ನು ತೆರೆದು, ಪ್ಲಗ್ಗಿಲ್ಲದೆ ಹಗ್ಗವನ್ನು ಹತ್ತು ಸಲ ಎಳೆದು ಒಳಗಿನ ಪೆಟ್ರೋಲನ್ನು ಹೊರಹಾಕಬೇಕು. ಪ್ಲಗ್ಗನ್ನು ಒರಸಿ ಒಣಗಿಸಿ ಹಾಕಬೇಕು.

ಕಿಡಿಯ ಪರೀಕ್ಷೆಯಲ್ಲಿ ಎಚ್ಚರ ಅತ್ಯವಶ್ಯ. ಪ್ಲಗ್ಗನ್ನು ತಂತಿಯ ಟೊಪ್ಪಿಗೆಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಗಲಿಸಿ ಹಗ್ಗ ಎಳೆದರೆ ಕಿಡಿ ಕಾಣಬೇಕು. ಆದರೆ ಪ್ಲಗ್ಗು ಕುಳಿತಿದ್ದ ತೂತಿನಿಂದ ಪೆಟ್ರೋಲಿನ ಆವಿ ಚಿಮ್ಮುತ್ತಿರುತ್ತದೆ. ಅದರ ಬಾಯಿಯಲ್ಲಿಯೇ ಕಿಡಿ ಹಾರಿಸಿದರೆ ಮುಖ ಸುಟ್ಟುಕೊಳ್ಳುವ ಅಪಾಯವುಂಟು. ಆದುದರಿಂದ ಮೊದಲು ಒಳಗಿನ ಪೆಟ್ರೋಲನ್ನು ಹೊರಹಾಕಿ, ಚೆಲ್ಲಿದುದನ್ನು ಒರಸಿ, ಟಾಕಿಯ ಮುಚ್ಚಳವನ್ನು ಬಿಗಿದು, ತೂತಿಗೆ ಬಟ್ಟೆ ತುರುಕಿ, ಪ್ಲಗ್ಗನ್ನು ಅಲ್ಲಿಂದ ಆದಷ್ಟು ದೂರವಿಟ್ಟು, ನೆರಳಿನಲ್ಲಿ ನೋಡಬೇಕು. ಸ್ವಿಚ್ಚನ್ನು ಚಾಲೂ ಮಾಡುವುದು ಇಷ್ಟಾದ ಮೇಲೆಯೇ. ಬರಿಗೈಯಿಂದ ತಂತಿಯನ್ನು ಹಿಡಿಯಬಾರದು. ಅಲ್ಲಿ ಹುಟ್ಟುವುದು ಸಾವಿರಾರು ವೋಲ್ಟು.

ಹೊರಗೆ ಕಿಡಿ ಕಂಡಿತೆಂದು ಪ್ಲಗ್ಗು ನಿರ್ದೋಷಿಯೆಂದು ತೀರ್ಮಾನಿಸುವಂತೆಯೂ ಇಲ್ಲ. ಗಾಳಿಯು ದಟ್ಟವಾದಷ್ಟೂ ಅದರಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು. ತೆರೆದ ಗಾಳಿಯಲ್ಲಿ ಕಿಡಿ ಕೊಡುವ ಹಳೆಯ ಪ್ಲಗ್ಗು, ಎಂಜಿನ್ನಿನೊಳಗೆ ಅಮುಕಿದ ಮಿಶ್ರಣದ ನಡುವೆ ಸೋಲಬಹುದು. ಸಂದೇಹವಿದ್ದರೆ ಅದೇ ಅಳತೆಯ ಒಳ್ಳೆಯ ಪ್ಲಗ್ಗೊಂದನ್ನು ಹಾಕಿ ನೋಡುವುದೇ ನಿರ್ಣಾಯಕ ಪರೀಕ್ಷೆ.

ಪೆಟ್ರೋಲೂ ಕಿಡಿಯೂ ಸರಿಯಾಗಿದ್ದರೆ ಉಳಿದುದು ಒತ್ತಡ. ಪ್ಲಗ್ಗು ಬಿಗಿದಿದ್ದಾಗಲೂ ಹಗ್ಗವು ಯಾವ ತಡೆಯೂ ಇಲ್ಲದೆ ಸಡಿಲವಾಗಿ ಬಂದರೆ ಪಿಸ್ಟನ್ನಿನ ಉಂಗುರಗಳು ಸವೆದಿರಬಹುದು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಯ ಕಿಂಡಿಯನ್ನೂ ನೋಡಬೇಕು. ಉರಿದ ಆಯಿಲಿನ ಮಸಿ ಅಲ್ಲಿ ಗಟ್ಟಿಯಾಗಿ ಕಟ್ಟಿದರೆ ಹಳೆಯ ಹೊಗೆ ಹೊರಗೆ ಹೋಗದು, ಹೊಸ ಮಿಶ್ರಣ ಒಳಗೆ ಬಾರದು. ಎಲ್ಲವೂ ಸರಿಯಾಗಿದ್ದು, ಎಳೆದಾಗ ಹಗ್ಗವು ಕೈಯನ್ನು ಹಿಂದಕ್ಕೆ ಕಿತ್ತುಕೊಳ್ಳುವಂತಿದ್ದರೆ, ಫ್ಲೈವೀಲನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಚಿಕ್ಕ ಚಾವಿಯು ತುಂಡಾಗಿ, ಕಿಡಿಯು ಅಕಾಲದಲ್ಲಿ ಹಾರುತ್ತಿರಬಹುದು. ಇವು ಕುಶಲ ಮೆಕ್ಯಾನಿಕ್ಕನ ಕೆಲಸ. ಆದರೆ ಅವನ ಬಳಿಗೆ ಹೋಗುವಾಗ "ಯಾಕೋ ಚಾಲೂ ಆಗವಲ್ದು" ಎನ್ನುವುದಕ್ಕೂ, "ಪ್ಲಗ್ಗು ಒದ್ದೆ ಇದೆ, ಕಿಡಿ ಇದೆ, ಹಗ್ಗ ಸಡಿಲ ಬರುತ್ತದೆ" ಎನ್ನುವುದಕ್ಕೂ ಅರ್ಧ ದಿನದ ಅಂತರವಿದೆ.

ಈ ಕ್ರಮದಲ್ಲಿ ಒಂದು ನಿಯಮವನ್ನು ಮರೆಯಬಾರದು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಫಲವನ್ನು ನೋಡಿ, ಅನಂತರ ಮುಂದಿನದಕ್ಕೆ ಕೈಹಾಕಬೇಕು. ಪ್ಲಗ್ಗು, ಪೆಟ್ರೋಲು, ತಿರುಪು ಮೂರನ್ನೂ ಒಟ್ಟಿಗೆ ಬದಲಿಸಿದರೆ ಎಂಜಿನ್ ಎದ್ದರೂ ದೋಷವು ಎಲ್ಲಿತ್ತೆಂಬುದು ತಿಳಿಯದು. ಮುಂದಿನ ಸಲ ಮತ್ತೆ ಮೊದಲಿನಿಂದ ತೊಡಗಬೇಕಾಗುವುದು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಹೇಳಿಕೊಡುವುದೂ ಇದನ್ನೇ. ಹಂಗಾಮು ಮುಗಿದ ಮೇಲೆ ಟಾಕಿಯನ್ನು ಬಸಿದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರನ್ನು ಬರಿದುಮಾಡಿ ಇಟ್ಟರೆ, ಮುಂದಿನ ವರ್ಷ ತೊಗರಿ ಹೂಬಿಟ್ಟಾಗ ಈ ವಿಚಾರಣೆಯ ಬಹುಭಾಗವು ಬೇಕಾಗಲಿಕ್ಕಿಲ್ಲ.